ಮಂಗಳ ಗ್ರಹದ ನೆಲದಲ್ಲಿ ತೂತುಗಳು ಎಲ್ಲಿಂದ ಬಂದವು? ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಶಾಲೆಗಳಲ್ಲಿ ಮಂಗಳದ ಚಿತ್ರ ತೋರಿಸಿ ಮಾತಾಡುವಾಗ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಶಿಕ್ಷಕರ ಪತ್ರಗಳಲ್ಲೂ ಬರುತ್ತವೆ, ಹಂಚಿಕೊಂಡ ಚಿತ್ರಗಳ ಕೆಳಗೂ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು, ಹಿಂದಿನದನ್ನು ಓದಲೇಬೇಕೆಂದಿಲ್ಲ.

## ಮೊದಲ ಪ್ರಶ್ನೆಗಳು

ಮಂಗಳನ ಮ್ಯಾಲ ತೂತು ಅದಾವ ಅಂತಾರಲ್ರಿ, ಎಷ್ಟು ದೊಡ್ಡವು?

ಒಂದೇ ಅಳತೆ ಇಲ್ಲ. ಕಲ್ಲಿನ ಮೈಮೇಲಿನ ತೂತುಗಳು ಒಂದೆರಡು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರ್ ಇರುತ್ತವೆ. ಮರಳು-ಮಣ್ಣಿನಲ್ಲಿ ಅಂಗೈ ಅಗಲದ ತಗ್ಗುಗಳಿವೆ. ಉಲ್ಕೆ ಬಿದ್ದ ಹೊಸ ಕುಳಿಗಳು ಸಾಮಾನ್ಯವಾಗಿ ಕೆಲವು ಮೀಟರ್ ಅಗಲ. ಜ್ವಾಲಾಮುಖಿಗಳ ಇಳಿಜಾರಿನಲ್ಲಿರುವ ಕಪ್ಪು ಬಾವಿಗಳು ನೂರು, ಇನ್ನೂರು ಮೀಟರ್ ಅಗಲ. ಇಡೀ ಗ್ರಹದ ಲೆಕ್ಕದಲ್ಲಿ ಅವೂ ಸಣ್ಣವೇ.

ಅಳತೆಯನ್ನು ಮೊದಲು ಕೇಳುವುದು ಒಳ್ಳೆಯ ಅಭ್ಯಾಸ. ಮಿಲಿಮೀಟರ್ ತೂತಿಗೂ ನೂರು ಮೀಟರ್ ಬಾವಿಗೂ ಕಾರಣ ಒಂದೇ ಇರುವುದು ಅಪರೂಪ. ಚಿತ್ರದ ಮೂಲೆಯಲ್ಲಿ ಅಳತೆಗೆರೆ ಇಲ್ಲದಿದ್ದರೆ ಏನನ್ನೂ ಊಹಿಸಬೇಡಿ.

ನಮ್ಮ ಸಾಲಿ ದುರ್ಬೀನಿನ್ಯಾಗ ಕಾಣ್ತಾವೇನ್ರಿ?

ಇಲ್ಲ. ಒಳ್ಳೆಯ ದುರ್ಬೀನಿನಲ್ಲಿ ಧ್ರುವದ ಬಿಳಿ ಭಾಗ ಮತ್ತು ಕೆಲವು ಕಪ್ಪು ಮಚ್ಚೆಗಳು ಕಾಣುತ್ತವೆ, ಅಷ್ಟೇ. ಮಂಗಳದಲ್ಲಿ ಕುಳಿಗಳಿವೆ ಎಂದು ಗೊತ್ತಾದದ್ದೇ 1965ರ ಜುಲೈನಲ್ಲಿ, ಮರಿನರ್ 4 ನೌಕೆ ಹತ್ತಿರದಿಂದ ಹಾದುಹೋದಾಗ.

ಈಗ ನಮಗೆ ಇವನ್ನು ತೋರಿಸುತ್ತಿರುವ ಮುಖ್ಯ ಕಣ್ಣು ಹೈರೈಸ್ ಕ್ಯಾಮೆರಾ. ಅದು 2006ರಲ್ಲಿ ಮಂಗಳ ಸೇರಿದ ಮಾರ್ಸ್ ರಿಕನೈಸನ್ಸ್ ಆರ್ಬಿಟರ್ ನೌಕೆಯಲ್ಲಿದೆ. ಅದರ ಚಿತ್ರದ ಒಂದು ಚುಕ್ಕೆ ನೆಲದ ಮೇಲಿನ ಸುಮಾರು 30 ಸೆಂಟಿಮೀಟರಿಗೆ ಸಮ. ಒಂದು ಮೀಟರಿನಷ್ಟು ದೊಡ್ಡ ವಸ್ತುವನ್ನು ಗುರುತು ಹಿಡಿಯಬಹುದು. ಅದಕ್ಕಿಂತ ಚಿಕ್ಕದನ್ನು ನೋಡಬೇಕಾದರೆ ನೆಲದ ಮೇಲೆ ಓಡಾಡುವ ರೋವರ್‌ಗಳೇ ಬೇಕು. ನಮ್ಮ ಮಂಗಳಯಾನವೂ 2014ರ ಸೆಪ್ಟೆಂಬರ್ 24ರಂದು ಅಲ್ಲಿಗೆ ಹೋಗಿ ಇಡೀ ಗ್ರಹದ ಸುಂದರ ಚಿತ್ರಗಳನ್ನು ಕೊಟ್ಟಿತು. ಆದರೆ ಅದರ ಕ್ಯಾಮೆರಾ ದೊಡ್ಡ ನೋಟಕ್ಕಾಗಿ ಮಾಡಿದ್ದು, ಸಣ್ಣ ತೂತಿಗಲ್ಲ.

ಹೊಲದಾಗ ಇಲಿ ಬಿಲ ತೋಡಿದಂಗ ಅಲ್ಲೂ ಯಾವುದರೆ ಪ್ರಾಣಿ ತೋಡಿರಬಹುದಲ್ಲ?

ಮಕ್ಕಳು ಇದನ್ನು ಕೇಳಿದಾಗ ನಗಬಾರದು. ತೂತು ಕಂಡರೆ ಯಾರು ತೋಡಿದರು ಎಂದು ಕೇಳುವುದು ಸಹಜ. ಅದನ್ನು ಪರೀಕ್ಷೆ ಮಾಡುವ ದಾರಿಯೂ ಇದೆ. ಬಿಲ ತೋಡಿದರೆ ಮಣ್ಣು ಹೊರಗೆ ಬರಬೇಕು. ಬಾಯಿಯ ಹತ್ತಿರ ಗುಡ್ಡೆ ಇರಬೇಕು, ಓಡಾಡಿದ ಗುರುತಿರಬೇಕು. ಮಂಗಳದ ಸಣ್ಣ ತೂತುಗಳ ಚಿತ್ರಗಳಲ್ಲಿ ಅದು ಕಾಣುವುದಿಲ್ಲ. ಅಲ್ಲಿ ಸರಾಸರಿ ತಾಪಮಾನ ಮೈನಸ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಾಳಿಯ ಒತ್ತಡ ನಮ್ಮಲ್ಲಿಯ ಶೇಕಡಾ ಒಂದಕ್ಕಿಂತ ಕಡಿಮೆ. ಅಲ್ಲಿ ಜೀವಿಗಳಿವೆ ಎಂಬುದಕ್ಕೆ ಈವರೆಗೆ ಖಚಿತ ಪುರಾವೆ ಸಿಕ್ಕಿಲ್ಲ. ಜೀವ ಇಲ್ಲದೆಯೇ ತೂತು ಮಾಡುವ ದಾರಿಗಳು ಸಾಕಷ್ಟಿವೆ, ಕೆಳಗೆ ನೋಡಿ.

ಎಲ್ಲಾ ಉಲ್ಕೆ ಬಿದ್ದು ಆದವೇ ಅಲ್ವಾ?

ಅಲ್ಲ. ಆದರೆ ತುಂಬಾ ತೂತುಗಳು ಹಾಗೆ ಆದವೇ. ಭೂಮಿಯ ದಪ್ಪ ಗಾಳಿಯಲ್ಲಿ ಉರಿದುಹೋಗುವಂಥ ಸಣ್ಣ ಕಲ್ಲುಗಳು ಮಂಗಳದಲ್ಲಿ ನೆಲ ಮುಟ್ಟುತ್ತವೆ. ಮಂಗಳದ ನೆಲದ ಮೇಲೆ ಇಳಿದಿದ್ದ ಇನ್‌ಸೈಟ್ ನೌಕೆ ಹಿಡಿದ ನೆಲದ ಕಂಪನಗಳನ್ನು ಲೆಕ್ಕ ಹಾಕಿ 2024ರಲ್ಲಿ ವಿಜ್ಞಾನಿಗಳು ಒಂದು ಅಂದಾಜು ಕೊಟ್ಟರು. ಅದರ ಪ್ರಕಾರ 8 ಮೀಟರಿಗಿಂತ ಅಗಲದ ಹೊಸ ಕುಳಿಗಳು ವರ್ಷಕ್ಕೆ 280ರಿಂದ 360 ಆಗುತ್ತವೆ. ಹೆಚ್ಚುಕಡಿಮೆ ದಿನಕ್ಕೊಂದು! ಇನ್ನೂ ಚಿಕ್ಕವು ಇದಕ್ಕಿಂತ ಜಾಸ್ತಿ.

ಉಲ್ಕೆಯ ಕುಳಿಗೆ ಗುರುತುಗಳಿವೆ. ಅಂಚು ಎತ್ತರವಾಗಿರುತ್ತದೆ. ಒಳಗಿನ ಮಣ್ಣು-ಕಲ್ಲು ಸುತ್ತ ಚೆಲ್ಲಿರುತ್ತದೆ. ಹೊಸದಾದರೆ ಧೂಳು ಹಾರಿಹೋಗಿ ಸುತ್ತ ಕಪ್ಪು ಕಲೆ ಕಾಣುತ್ತದೆ. ಬರುವ ದಾರಿಯಲ್ಲೇ ಉಲ್ಕೆ ಒಡೆದರೆ ಒಂದರ ಬದಲು ಒಂದು ಗುಂಪು ಕುಳಿಗಳಾಗುತ್ತವೆ. ದೊಡ್ಡ ಹೊಡೆತದಿಂದ ಎಗರಿದ ಬಂಡೆಗಳು ದೂರದಲ್ಲಿ ಬಿದ್ದು ಮತ್ತೆ ಕುಳಿ ಮಾಡುವುದೂ ಉಂಟು. ಮಂಗಳದ ಜುನಿಲ್ ಎಂಬ ಕುಳಿ ಸುಮಾರು 10 ಕಿಲೋಮೀಟರ್ ಅಗಲ. ಅದೊಂದೇ ಹೊಡೆತದಿಂದ ಇಂಥ ಮರಿ ಕುಳಿಗಳು ಲಕ್ಷಗಟ್ಟಲೆ ಆಗಿವೆ.

## ಕಲ್ಲಿನ ಮೈಮೇಲಿನ ತೂತುಗಳು

ವಿಜಯಪುರದ ಕರಿಕಲ್ಲಿನ್ಯಾಗೂ ತೂತು ಇರ್ತಾವ. ಅಲ್ಲಿವೂ ಅವೇನ್ರಿ?

ಕೆಲವು ಹೌದು. ಗೋಳಗುಮ್ಮಟ ಕಟ್ಟಿದ ಕಪ್ಪು ಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಪದರ ಪದರವಾಗಿ ಹರಿದ ಲಾವಾ ಆರಿ ಆದದ್ದು. ಲಾವಾದಲ್ಲಿ ಕರಗಿದ್ದ ನೀರಾವಿ, ಇಂಗಾಲದ ಡೈಆಕ್ಸೈಡ್ ಮೇಲೆ ಬರುವಾಗ ಗುಳ್ಳೆಯಾಗುತ್ತವೆ. ಗುಳ್ಳೆ ಹೊರಗೆ ಹೋಗುವ ಮೊದಲೇ ಲಾವಾ ಗಟ್ಟಿಯಾದರೆ ತೂತು ಉಳಿಯುತ್ತದೆ. ಹೀಗಾಗಿ ಹರಿವಿನ ಮೇಲ್ಭಾಗದ ಕಲ್ಲಿನಲ್ಲಿ ತೂತು ಜಾಸ್ತಿ, ನಡುವಿನ ಕಲ್ಲಿನಲ್ಲಿ ಕಡಿಮೆ.

1976ರಲ್ಲಿ ವೈಕಿಂಗ್ 2 ನೌಕೆ ಯುಟೋಪಿಯಾ ಬಯಲಿನಲ್ಲಿ ಇಳಿದಾಗ ಸುತ್ತಲೂ ತೂತು ತೂತಾದ ಬಂಡೆಗಳೇ ಕಂಡವು. ಗುಸೆವ್ ಕುಳಿಯಲ್ಲಿ ಓಡಾಡಿದ ಸ್ಪಿರಿಟ್ ರೋವರ್ ಕೂಡ ಗುಳ್ಳೆ ತುಂಬಿದ ಬಸಾಲ್ಟ್ ನೋಡಿತು. ಗಾಳಿಯ ಒತ್ತಡ ಕಡಿಮೆ ಇರುವ ಕಡೆ ಲಾವಾದೊಳಗಿನ ಅನಿಲ ಹೆಚ್ಚು ಹಿಗ್ಗುತ್ತದೆ, ಗುಳ್ಳೆ ದೊಡ್ಡದಾಗುತ್ತದೆ.

ಒಂದು ವ್ಯತ್ಯಾಸವನ್ನು ಗಮನಿಸಿ. ನಮ್ಮ ಕಡೆಯ ಬಸಾಲ್ಟಿನಲ್ಲಿ ಎಷ್ಟೋ ತೂತುಗಳು ಬಿಳಿ ಹರಳುಗಳಿಂದ ತುಂಬಿವೆ. ಕೋಟ್ಯಂತರ ವರ್ಷ ನೀರು ಅದರೊಳಗೆ ಇಳಿದು ಜಿಯೋಲೈಟ್, ಕ್ಯಾಲ್ಸೈಟ್ ಬಿಟ್ಟುಹೋಗಿದೆ. ಹೀಗಾಗಿ ತೂತು ಖಾಲಿ ಇದೆಯೋ ತುಂಬಿದೆಯೋ ಎಂಬುದೇ ಆ ಕಲ್ಲಿಗೆ ಎಷ್ಟು ನೀರು ಸಿಕ್ಕಿತ್ತು ಎಂಬುದರ ಸುಳಿವು.

ಬಾದಾಮಿ ಬಂಡೆಯಲ್ಲಿರುವಂಥ ಬೊಕ್ಕೆಗಳು ಲಾವಾದಿಂದ ಆದವಲ್ಲ. ಮಂಗಳದಲ್ಲೂ ಅಂಥವು ಇವೆಯೇ?

ಇವೆ. ಬಾದಾಮಿಯ ಕೆಂಪು ಬಂಡೆ ಮರಳುಗಲ್ಲು, ಅದರಲ್ಲಿ ಲಾವಾದ ಮಾತೇ ಇಲ್ಲ. ಇಂಥ ಕಲ್ಲಿನ ಸಂದುಗಳಿಗೆ ಉಪ್ಪು ಸೇರಿ ಹರಳುಗಟ್ಟಿದಾಗ ಕಣಗಳು ಸಡಿಲವಾಗಿ ಉದುರುತ್ತವೆ. ಒಮ್ಮೆ ಬೊಕ್ಕೆ ಬಿದ್ದರೆ ಅಲ್ಲಿ ನೆರಳು, ಅಲ್ಲಿ ತೇವ. ಹೀಗಾಗಿ ಅದೇ ಜಾಗ ಇನ್ನೂ ಆಳವಾಗುತ್ತದೆ. ಮಂಗಳದ ಮಣ್ಣಿನಲ್ಲಿ ಉಪ್ಪಿಗೆ ಬರವಿಲ್ಲ. ಜೊತೆಗೆ ಅಲ್ಲಿ ಗಾಳಿ ಹಾರಿಸುವ ಮರಳು ಸತತವಾಗಿ ಕಲ್ಲನ್ನು ಉಜ್ಜುತ್ತದೆ.

ಗಾಳಿಯ ಕೆಲಸ ಹೌದೋ ಅಲ್ಲವೋ ತಿಳಿಯಬೇಕಾದರೆ ದಿಕ್ಕು ನೋಡಿ. ಗಾಳಿಗೆ ಎದುರಾದ ಮುಖದಲ್ಲಿ ಮಾತ್ರ ತೂತು, ಹಿಂದಿನ ಮುಖ ನುಣುಪು ಎಂದಾದರೆ ಗಾಳಿಯ ಮೇಲೆ ಅನುಮಾನ ಪಡಬಹುದು. ಎಲ್ಲಾ ಕಡೆ ಸಮನಾಗಿದ್ದರೆ ತೂತು ಕಲ್ಲಿನ ಒಳಗಿನಿಂದಲೇ ಬಂದಿರಬೇಕು.

ದುಂಡಗಿಲ್ಲ, ಚಾಕುವಿನಿಂದ ಚುಚ್ಚಿದಂಗ ಸೀಳು ಸೀಳು ತೂತು ಇರೋ ಚಿತ್ರ ನೋಡಿದೆ. ಅದು ಏನು?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ, ಯಾಕೆಂದರೆ ಈ ತೂತುಗಳು ಮಂಗಳದ ಬಗ್ಗೆ ನಮ್ಮ ತಿಳಿವಳಿಕೆಯನ್ನೇ ಬದಲಿಸಿದವು.

2004ರ ಜನವರಿಯಲ್ಲಿ ಆಪರ್ಚುನಿಟಿ ರೋವರ್ ಮೆರಿಡಿಯಾನಿ ಬಯಲಿನ ಈಗಲ್ ಎಂಬ ಸಣ್ಣ ಕುಳಿಯೊಳಗೆ ಇಳಿಯಿತು. ಅಲ್ಲಿನ ಎಲ್ ಕ್ಯಾಪಿಟನ್ ಎಂಬ ಬಂಡೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ, ತೆಳ್ಳನೆಯ ಸೀಳು ತೂತುಗಳಿದ್ದವು. ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಗುಳ್ಳೆ ಹೀಗೆ ಚಪ್ಪಟೆಯಾಗಿ ಅಡ್ಡಾದಿಡ್ಡಿ ನಿಲ್ಲುವುದಿಲ್ಲ. ಗಾಳಿ ಉಜ್ಜಿದರೆ ಒಂದೇ ದಿಕ್ಕಿರಬೇಕು. ಉಳಿದ ಒಳ್ಳೆಯ ವಿವರಣೆ ಹರಳು. ಉಪ್ಪುನೀರಿನಲ್ಲಿ ನೆನೆದ ಮರಳಿನೊಳಗೆ ಸಲ್ಫೇಟ್ ಹರಳುಗಳು ಬೆಳೆದವು. ಮುಂದೆ ನೀರಿನ ಗುಣ ಬದಲಾದಾಗ ಹರಳು ಕರಗಿತು, ಅದು ಕೂತಿದ್ದ ಜಾಗ ಮಾತ್ರ ಉಳಿಯಿತು.

ಅದೇ ಬಂಡೆಗಳಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಖನಿಜದ, ಕೆಲವು ಮಿಲಿಮೀಟರ್ ಗಾತ್ರದ ಗುಂಡುಗಳೂ ಸಿಕ್ಕವು. ಬಂಡೆ ಸವೆದಂತೆ ಅವು ಕಳಚಿ ಕೆಳಗೆ ಬೀಳುತ್ತವೆ, ಜಾಗದಲ್ಲಿ ದುಂಡಗಿನ ಗುಳಿ ಬಿಡುತ್ತವೆ. ಅಂದರೆ ಒಂದೇ ಬಂಡೆಯಲ್ಲಿ ಎರಡು ಬಗೆಯ ತೂತು, ಎರಡಕ್ಕೂ ನೀರಿನ ನಂಟು. ಸಲ್ಫೇಟಿನ ಪ್ರಮಾಣ, ಪದರಗಳ ಆಕಾರ ಎಲ್ಲವನ್ನೂ ಸೇರಿಸಿ 2004ರ ಮಾರ್ಚಿನಲ್ಲಿ ನಾಸಾ ತಂಡ ಈ ಕಲ್ಲುಗಳು ಒಂದು ಕಾಲಕ್ಕೆ ನೀರಿನಲ್ಲಿ ನೆನೆದಿದ್ದವು ಎಂದು ಹೇಳಿತು.

## ಮಣ್ಣು ಮತ್ತು ಮಂಜಿನ ತೂತುಗಳು

ಬ್ಯಾಸಗ್ಯಾಗ ಎರಿ ಹೊಲ ಬಿರಿತದ, ಮಳಿ ಬಿದ್ದ ಮ್ಯಾಲ ಮಣ್ಣು ಒಳಗ ಜಾರಿ ತಗ್ಗು ಬೀಳ್ತದ. ಅಲ್ಲಿ ಹಿಂಗ ಆಗೂದಿಲ್ಲೇನು?

ಮುದ್ದೇಬಿಹಾಳ ಕಡೆಯ ರೈತರೊಬ್ಬರು ಕೇಳಿದ್ದು. ಪ್ರಶ್ನೆಯೊಳಗೇ ಅರ್ಧ ಉತ್ತರ ಇದೆ. ಕೆಳಗೆ ಟೊಳ್ಳು ಜಾಗ ಇರಬೇಕು, ಮೇಲೆ ಸಡಿಲ ಮಣ್ಣು ಇರಬೇಕು, ಅದನ್ನು ಅಲುಗಿಸುವ ಏನಾದರೂ ಇರಬೇಕು. ಮೂರೂ ಸೇರಿದರೆ ಮೇಲೆ ತಗ್ಗು ಬೀಳುತ್ತದೆ.

ಮಂಗಳದಲ್ಲಿ ಮೊದಲಿನ ಎರಡು ಧಾರಾಳವಾಗಿವೆ. ಮೆರಿಡಿಯಾನಿಯಲ್ಲಿ ತೆಳು ಮರಳಿನ ಹೊದಿಕೆಯ ಕೆಳಗೆ ಬಿರುಕು ಬಿಟ್ಟ ಬಂಡೆ ಇದೆ. ಆಪರ್ಚುನಿಟಿ 2004ರಲ್ಲಿ ಈಗಲ್ ಕುಳಿಯಿಂದ ಹೊರಟು ಎಂಡ್ಯೂರೆನ್ಸ್ ಕುಳಿಯತ್ತ ಹೋಗುವಾಗ ಅನಟೋಲಿಯಾ ಎಂದು ಹೆಸರಿಟ್ಟ ಬಿರುಕು ಸಾಲನ್ನು ನೋಡಿತು. ಅಲ್ಲಿ ಮರಳು ತಗ್ಗಿ ನಿಂತಿದೆ, ಕೆಳಗಿನ ಬಂಡೆ ಇಣುಕುತ್ತದೆ. ಇಂಥ ಕಡೆ ಮರಳು ಬಿರುಕಿಗೆ ಇಳಿದು ಮೇಲೆ ತಗ್ಗು ಮೂಡುವುದು ಸಹಜವಾದ ವಿವರಣೆ.

ಮೂರನೆಯದು, ಅಂದರೆ ಅಲುಗಿಸುವುದು ಯಾವುದು? ಅಲ್ಲಿ ಮಳೆ ಇಲ್ಲ. ಆದರೆ ನೆಲ ನಡುಗುತ್ತದೆ. ಇನ್‌ಸೈಟ್ ನೌಕೆ 2018ರ ಕೊನೆಯಿಂದ 2022ರವರೆಗೆ 1,300ಕ್ಕೂ ಹೆಚ್ಚು ಕಂಪನಗಳನ್ನು ದಾಖಲಿಸಿತು, ಹೆಚ್ಚಿನವು ತೀರಾ ಸಣ್ಣವು. ಹಗಲು ರಾತ್ರಿಯ ತಾಪಮಾನದ ವ್ಯತ್ಯಾಸ ದೊಡ್ಡದು, ಅದರಿಂದ ಕಲ್ಲು ಹಿಗ್ಗಿ ಕುಗ್ಗುತ್ತದೆ. ಉಲ್ಕೆಗಳು ಬೀಳುತ್ತಲೇ ಇವೆ. ಗಾಳಿಯೂ ಮರಳನ್ನು ಸರಿಸುತ್ತದೆ. ಇವೆಲ್ಲ ಮೆಲ್ಲಗೆ ಕೆಲಸ ಮಾಡಿದರೂ ಸಾಕು, ಅಲ್ಲಿ ಸಮಯಕ್ಕೆ ಕೊರತೆ ಇಲ್ಲ.

ಗುರುತು ಹಿಡಿಯುವುದು ಸುಲಭ. ತಗ್ಗುಗಳು ಗೆರೆ ಎಳೆದಂತೆ ಸಾಲಾಗಿವೆಯೇ ನೋಡಿ. ಸಾಲಾಗಿದ್ದರೆ ಕೆಳಗೆ ಬಿರುಕು ಇರುವ ಸಾಧ್ಯತೆ ಹೆಚ್ಚು. ಚದುರಿ ಬಿದ್ದಿದ್ದರೆ ಬೇರೆ ಕಾರಣ ಹುಡುಕಬೇಕು.

ಒಣ ಮರಳಿನಲ್ಲಿ ತೂತು ನಿಲ್ಲೋದೇ ಇಲ್ವಲ್ಲ? ಕುಸಿದು ಮುಚ್ಚಿಕೊಳ್ಳಬೇಕಲ್ಲ?

ಪೂರ್ತಿ ಸಡಿಲ ಮರಳಾಗಿದ್ದರೆ ಕುಸಿಯಬೇಕಿತ್ತು. ಆದರೆ ಮಂಗಳದ ಎಷ್ಟೋ ಕಡೆ ಮೇಲ್ಮಣ್ಣು ಉಪ್ಪಿನಿಂದ ಅಂಟಿಕೊಂಡು ಹೆಪ್ಪುಗಟ್ಟಿದೆ. ಇದನ್ನು ತೋರಿಸಿಕೊಟ್ಟದ್ದು ಇನ್‌ಸೈಟ್. ಆ ನೌಕೆ 2019ರಲ್ಲಿ ಸುಮಾರು 40 ಸೆಂಟಿಮೀಟರ್ ಉದ್ದದ ಒಂದು ಉಪಕರಣವನ್ನು ಸುತ್ತಿಗೆಯಂತೆ ಬಡಿದು ನೆಲದೊಳಗೆ ಇಳಿಸಲು ನೋಡಿತು. ಸುತ್ತಲಿನ ಮಣ್ಣು ಅದನ್ನು ಬಿಗಿಯಾಗಿ ಹಿಡಿಯಲೇ ಇಲ್ಲ. ಉಪಕರಣಕ್ಕಿಂತ ಅಗಲದ, ನೆಟ್ಟಗಿನ ಗೋಡೆಯ ತಗ್ಗು ಆಯಿತು. ಗೋಡೆ ಕುಸಿಯಲಿಲ್ಲ. 2021ರ ಜನವರಿಯಲ್ಲಿ ಪ್ರಯತ್ನ ಕೈಬಿಟ್ಟರು. ನೆಲದಾಳದ ಶಾಖ ಅಳೆಯುವ ಕೆಲಸ ಆಗಲಿಲ್ಲ, ಆದರೆ ಅಲ್ಲಿನ ಮಣ್ಣಿನಲ್ಲಿ ಸಣ್ಣ ತೂತು ಬಾಯಿ ತೆರೆದೇ ನಿಲ್ಲಬಲ್ಲದು ಎಂಬುದು ಕಣ್ಣೆದುರೇ ಗೊತ್ತಾಯಿತು.

ಮಂಜುಗಡ್ಡೆ ಕರಗಿ ತೂತು ಬೀಳುತ್ತದೆಯೇ?

ಕರಗಿ ಅಲ್ಲ, ನೇರವಾಗಿ ಆವಿಯಾಗಿ. ಅಲ್ಲಿನ ಗಾಳಿಯ ಒತ್ತಡ ಅಷ್ಟು ಕಡಿಮೆ, ನೀರು ದ್ರವವಾಗಿ ನಿಲ್ಲುವುದು ಕಷ್ಟ. 2008ರಲ್ಲಿ ಉತ್ತರ ಧ್ರುವದ ಹತ್ತಿರ ಇಳಿದ ಫೀನಿಕ್ಸ್ ನೌಕೆ ಒಂದು ಸಣ್ಣ ಗುಂಡಿ ತೋಡಿತು. ಅದರೊಳಗೆ ಕೆಲವು ಬಿಳಿ ತುಣುಕುಗಳು ಕಂಡವು. ನಾಲ್ಕು ದಿನದಲ್ಲಿ ಮಾಯವಾದವು. ಉಪ್ಪಾಗಿದ್ದರೆ ಮಾಯವಾಗುತ್ತಿರಲಿಲ್ಲ, ಹಾಗಾಗಿ ಅವು ನೀರಿನ ಮಂಜು ಎಂದು ತೀರ್ಮಾನವಾಯಿತು. ಮಣ್ಣಿನ ಕೆಳಗಿನ ಮಂಜು ಹೀಗೆ ಹೋದಾಗ ಮೇಲಿನ ನೆಲ ತಗ್ಗುತ್ತದೆ. ಧ್ರುವಗಳ ಕಡೆಗೆ ಹೋದಂತೆ ಇಂಥ ತಗ್ಗುಗಳು ಹೆಚ್ಚು.

ದಕ್ಷಿಣ ಧ್ರುವದಾಗ ನೆಲ ಪೂರ್ತಿ ತೂತು ತೂತಾಗಿ ಕಾಣ್ತದ, ಅದ್ಯಾಕ?

ಅದು ನೀರಿನ ಮಂಜಲ್ಲ, ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಅದು ಗಟ್ಟಿಯಾಗಲು ಅಲ್ಲಿ ಸುಮಾರು ಮೈನಸ್ 125 ಡಿಗ್ರಿ ಬೇಕು. ಬಿಸಿಲು ತಾಗಿದ ಅಂಚು ಆವಿಯಾಗುತ್ತಾ ಹೋಗುತ್ತದೆ, ತಗ್ಗು ಅಗಲವಾಗುತ್ತದೆ. ಬೇರೆ ಬೇರೆ ವರ್ಷದ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟರೆ ಗೋಡೆಗಳು ಮಂಗಳದ ಒಂದು ವರ್ಷಕ್ಕೆ, ಅಂದರೆ ನಮ್ಮ 687 ದಿನಕ್ಕೆ, ಕೆಲವು ಮೀಟರ್ ಹಿಂದೆ ಸರಿದದ್ದು ಕಾಣುತ್ತದೆ.

ಅಲ್ಲೇ ಸುತ್ತಮುತ್ತ ಇನ್ನೊಂದು ಬಗೆಯೂ ಇದೆ. ವಸಂತದಲ್ಲಿ ಬಿಸಿಲು ಪಾರದರ್ಶಕ ಮಂಜಿನ ಪದರ ದಾಟಿ ಕೆಳಗಿನ ಮಣ್ಣನ್ನು ಬಿಸಿ ಮಾಡುತ್ತದೆ. ಅಡಿಯಲ್ಲಿ ಅನಿಲ ಸೇರಿ ಒತ್ತಡ ಏರುತ್ತದೆ, ಎಲ್ಲೋ ಒಂದು ಕಡೆ ಒಡೆದು ಧೂಳಿನ ಸಮೇತ ಚಿಮ್ಮುತ್ತದೆ. ಆ ಒಂದು ತೂತಿನ ಕಡೆಗೆ ಸುತ್ತಲಿಂದ ಅನಿಲ ನುಗ್ಗಿದ ಕಾಲುವೆಗಳು ನೆಲದಲ್ಲಿ ಉಳಿಯುತ್ತವೆ.

ನಾವೇ ಕಳಿಸಿದ ಯಂತ್ರಗಳು ಮಾಡಿದ ತೂತು ಇರಬಹುದೇ?

ಖಂಡಿತ ಇವೆ. ಕ್ಯೂರಿಯಾಸಿಟಿ ರೋವರ್ 2013ರ ಫೆಬ್ರವರಿಯಲ್ಲಿ ಮೊದಲ ಸಲ ಕಲ್ಲು ಕೊರೆಯಿತು, ತೂತು 1.6 ಸೆಂಟಿಮೀಟರ್ ಅಗಲ. ಅದರ ಲೇಸರ್ ಕಲ್ಲಿನ ಮೇಲೆ ಸಣ್ಣ ಚುಕ್ಕೆಗಳನ್ನು ನೇರ ಸಾಲಿನಲ್ಲಿ ಬಿಡುತ್ತದೆ. ಇಳಿಯುವಾಗ ರಾಕೆಟ್ಟಿನ ಬಿರುಸಿಗೆ ನೆಲ ಕೊರೆದು ಹೋಗುತ್ತದೆ. ಪರ್ಸಿವಿಯರೆನ್ಸ್ ರೋವರ್ 2021ರ ಆಗಸ್ಟ್‌ನಲ್ಲಿ ಮೊದಲ ಮಾದರಿಗೆ ಕೊರೆದಾಗ ಕಲ್ಲು ಪುಡಿಯಾಗಿ ಕೊಳವೆ ಖಾಲಿ ಉಳಿಯಿತು, ತೂತಿನ ಸುತ್ತ ಪುಡಿಯ ಗುಡ್ಡೆ ಆಯಿತು. ನಿಖರವಾಗಿ ದುಂಡಗಿನ ತೂತಿನ ಚಿತ್ರ ನಿಮ್ಮ ಮೊಬೈಲಿಗೆ ಬಂದರೆ ಮೊದಲು ಇದನ್ನೇ ನೆನಪಿಸಿಕೊಳ್ಳಿ.

## ಕಪ್ಪು ಬಾವಿಗಳು, ಮತ್ತು ಕಷ್ಟದ ಪ್ರಶ್ನೆಗಳು

ತಳಾನೇ ಕಾಣದ ಕಪ್ಪು ತೂತು ಅದಾವಲ್ಲ, ಅವು ಗವಿಯ ಬಾಯಿ ಏನು?

ಕೆಲವು ಇರಬಹುದು. 2007ರಲ್ಲಿ ಆರ್ಸಿಯಾ ಮಾನ್ಸ್ ಎಂಬ ಜ್ವಾಲಾಮುಖಿಯ ಇಳಿಜಾರಿನಲ್ಲಿ ಇಂಥ ಏಳು ತೂತುಗಳು ಸಿಕ್ಕ ಸುದ್ದಿ ಬಂತು. ಅಗಲ 100ರಿಂದ 250 ಮೀಟರ್. ಅಂಚು ಎತ್ತರವಿಲ್ಲ, ಸುತ್ತ ಚೆಲ್ಲಿದ ಕಲ್ಲಿಲ್ಲ, ಹಾಗಾಗಿ ಉಲ್ಕೆಯ ಕುಳಿಯಲ್ಲ.

ಲಾವಾ ಹರಿಯುವಾಗ ಮೇಲ್ಪದರ ಆರಿ ಗಟ್ಟಿಯಾಗುತ್ತದೆ, ಒಳಗೆ ಹರಿವು ಮುಂದುವರಿಯುತ್ತದೆ. ಕೊನೆಗೆ ಲಾವಾ ಖಾಲಿಯಾದರೆ ಉದ್ದನೆಯ ಸುರಂಗ ಉಳಿಯುತ್ತದೆ. ಮಂಗಳದ ಗುರುತ್ವ ನಮ್ಮದರ ಶೇಕಡಾ 38 ಮಾತ್ರ, ಹಾಗಾಗಿ ಅಲ್ಲಿ ಅಗಲವಾದ ಸುರಂಗದ ಚಾವಣಿಯೂ ನಿಲ್ಲಬಲ್ಲದು. ಚಾವಣಿಯ ಒಂದು ತುಂಡು ಕುಸಿದರೆ ಬಾಯಿ ತೆರೆಯುತ್ತದೆ.

ತಾಪಮಾನವೂ ಸುಳಿವು ಕೊಡುತ್ತದೆ. ಮಾರ್ಸ್ ಒಡಿಸ್ಸಿ ನೌಕೆಯ ಶಾಖ ಅಳೆಯುವ ಕ್ಯಾಮೆರಾ ನೋಡಿದಾಗ ಈ ತೂತುಗಳು ಹಗಲಿನಲ್ಲಿ ಸುತ್ತಲಿಗಿಂತ ತಂಪು, ರಾತ್ರಿ ಸುತ್ತಲಿಗಿಂತ ಬೆಚ್ಚಗೆ ಇದ್ದವು. ಬರೀ ಕಪ್ಪು ಮರಳಿನ ಮಚ್ಚೆ ಹೀಗೆ ವರ್ತಿಸುವುದಿಲ್ಲ. ಆದರೆ ಇದರಿಂದ ಆಳ ಇದೆ ಎಂದಷ್ಟೇ ಗೊತ್ತಾಗುತ್ತದೆ. ಅಡ್ಡಕ್ಕೆ ಗವಿ ಹಬ್ಬಿದೆ ಎಂದು ಗೊತ್ತಾಗುವುದಿಲ್ಲ. ಏಳರಲ್ಲಿ ಒಂದನ್ನು ಬದಿಯಿಂದ ಬಿಸಿಲು ಬೀಳುವಾಗ ಮತ್ತೆ ನೋಡಿದಾಗ ನೆಟ್ಟಗಿನ ಗೋಡೆ ಕಂಡಿತು, ಕನಿಷ್ಠ 178 ಮೀಟರ್ ಆಳ. ಅದು ಗವಿಗಿಂತ ಬಾವಿಯೇ ಇರಬಹುದು. ಸುದ್ದಿಯಲ್ಲಿ ಗವಿ ಸಿಕ್ಕಿತು ಎಂದು ಬರೆಯುವಾಗ ಈ ವ್ಯತ್ಯಾಸ ಬಿಟ್ಟುಹೋಗುತ್ತದೆ, ಅದು ನನಗೆ ಬೇಸರದ ಸಂಗತಿ.

ಲಾವಾ ಸುರಂಗವೇ ಇಲ್ಲದೆಯೂ ಬಾವಿ ಆಗುತ್ತದೆ. ನೆಲ ಎರಡು ಕಡೆಗೆ ಜಗ್ಗಿದಾಗ ಆಳದಲ್ಲಿ ಬಿರುಕು ಅಗಲವಾಗುತ್ತದೆ, ಮೇಲಿನದು ಒಳಗೆ ಕುಸಿಯುತ್ತದೆ. ಇಂಥವು ಕಿಲೋಮೀಟರ್‌ಗಟ್ಟಲೆ ಸರಪಳಿಯಾಗಿ ಸಾಗುತ್ತವೆ.

ಮೇಲಿನಿಂದ ತೆಗೆದ ಒಂದು ಫೋಟೋದಲ್ಲಿ ಆಳ ಹೇಗೆ ಅಳೆಯುತ್ತಾರೆ?

ನೆರಳಿನಿಂದ. ಸೂರ್ಯ ನೆಲದಿಂದ ಎಷ್ಟು ಕೋನದಲ್ಲಿದ್ದ ಎಂಬುದು ಗೊತ್ತಿರುತ್ತದೆ. ಸೂರ್ಯ 45 ಡಿಗ್ರಿಯಲ್ಲಿದ್ದು, ಅಂಚಿನ ನೆರಳು ತಳದಲ್ಲಿ 50 ಮೀಟರ್ ಚಾಚಿದ್ದರೆ ಆಳ 50 ಮೀಟರ್. ಬೇರೆ ಕೋನವಾದರೆ ನೆರಳಿನ ಉದ್ದವನ್ನು ಆ ಕೋನದ ಟ್ಯಾನ್ ಬೆಲೆಯಿಂದ ಗುಣಿಸಿ. ಎಸ್ಸೆಸ್ಸೆಲ್ಸಿ ಗಣಿತ ಸಾಕು. ತಳ ಪೂರ್ತಿ ನೆರಳಿನಲ್ಲಿದ್ದರೆ ಮಾತ್ರ ‘ಕನಿಷ್ಠ ಇಷ್ಟು’ ಎಂದು ಹೇಳಲು ಸಾಧ್ಯ.

ಒಮ್ಮೆ ನೋಡಿದ್ರ ತಗ್ಗು ಕಾಣ್ತದ, ಇನ್ನೊಮ್ಮೆ ಗುಡ್ಡ ಕಾಣ್ತದ. ಯಾವುದು ಖರೆ?

ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ತಿಳಿಯಿರಿ. ಹೈರೈಸ್ ಚಿತ್ರಗಳನ್ನು ಸಾಮಾನ್ಯವಾಗಿ ಅಲ್ಲಿನ ಮಧ್ಯಾಹ್ನ ಮೂರರ ಹೊತ್ತಿಗೆ ತೆಗೆಯುತ್ತಾರೆ. ಉತ್ತರ ಮೇಲಿದ್ದರೆ ಬಿಸಿಲು ಎಡದಿಂದ ಬರುತ್ತದೆ. ಆಗ ತಗ್ಗಿನ ಎಡಗೋಡೆ ಕಪ್ಪು, ಬಲಗೋಡೆ ಬೆಳಕು. ಗುಡ್ಡಕ್ಕೆ ಇದರ ಉಲ್ಟಾ.

ಒಂದೇ ತೂತಿಗೆ ಎರಡು ಕಾರಣ ಇರಬಹುದೇ?

ಇರಬಹುದು, ಮತ್ತು ಎಷ್ಟೋ ಸಲ ಇರುತ್ತವೆ. ಲಾವಾ ಗುಳ್ಳೆಯಾಗಿ ಹುಟ್ಟಿದ ತೂತನ್ನು ಗಾಳಿ ದೊಡ್ಡದು ಮಾಡುತ್ತದೆ. ಉಲ್ಕೆಯ ಕುಳಿ ಮಂಜನ್ನು ಬಯಲು ಮಾಡುತ್ತದೆ, ಆಮೇಲೆ ಮಂಜು ಆವಿಯಾಗಿ ಕುಳಿಯ ಆಕಾರ ಬದಲಾಗುತ್ತದೆ. 2021ರ ಡಿಸೆಂಬರ್ 24ರಂದು ಬಿದ್ದ ಉಲ್ಕೆ ಸುಮಾರು 150 ಮೀಟರ್ ಅಗಲ, 21 ಮೀಟರ್ ಆಳದ ಕುಳಿ ಮಾಡಿತು. ಬಂಡೆಗಾತ್ರದ ಮಂಜಿನ ತುಂಡುಗಳು ಹೊರಗೆ ಚೆಲ್ಲಿದವು. ಅದು ಉಲ್ಕೆಯದೇ ಎಂದು ನಮಗೆ ಅನುಮಾನವಿಲ್ಲ, ಯಾಕೆಂದರೆ ಇನ್‌ಸೈಟ್ ಆ ಹೊಡೆತದ ಕಂಪನ ಹಿಡಿದಿತ್ತು, ಮೊದಲಿನ ಮತ್ತು ಆಮೇಲಿನ ಚಿತ್ರಗಳೂ ಇದ್ದವು. ಬಹಳಷ್ಟು ತೂತುಗಳಿಗೆ ಇಂಥ ಸಾಕ್ಷಿ ಇಲ್ಲ. ಅಂಥ ಕಡೆ ಒಂದೇ ಕಾರಣ ಹಿಡಿದು ಪಟ್ಟು ಹಿಡಿಯಬೇಡಿ. ಯಾವ ಕಾರಣಗಳು ಸಾಧ್ಯವಿಲ್ಲ ಎಂದು ತೋರಿಸಿದರೂ ಅದು ದೊಡ್ಡ ಕೆಲಸವೇ.

ನಮ್ಮ ಸಾಲಿ ಹುಡುಗರೂ ಇಂಥಾದ್ದು ಹುಡುಕಬಹುದೇನ್ರಿ?

ಯಾಕಾಗಬಾರದು? 2010ರಲ್ಲಿ ಕ್ಯಾಲಿಫೋರ್ನಿಯಾದ ಕಾಟನ್‌ವುಡ್ ಊರಿನ ಏಳನೇ ತರಗತಿ ಮಕ್ಕಳು ಲಾವಾ ಸುರಂಗಗಳ ಬಗ್ಗೆ ಓದುತ್ತಾ ಮಾರ್ಸ್ ಒಡಿಸ್ಸಿ ಚಿತ್ರಗಳನ್ನು ನೋಡುತ್ತಿದ್ದರು. ಪಾವೊನಿಸ್ ಮಾನ್ಸ್ ಜ್ವಾಲಾಮುಖಿಯ ಮೇಲೆ ಒಂದು ಕಪ್ಪು ಚುಕ್ಕೆ ಅವರ ಕಣ್ಣಿಗೆ ಬಿತ್ತು. ಹೈರೈಸ್ ಮತ್ತೆ ನೋಡಿದಾಗ ಅದು 190 ಮೀಟರ್ ಉದ್ದ, 160 ಮೀಟರ್ ಅಗಲದ ಬಾವಿ. ಆಳ ಕನಿಷ್ಠ 115 ಮೀಟರ್, ಅಂದರೆ ಗೋಕಾಕ ಜಲಪಾತದ ಎತ್ತರದ ಎರಡು ಪಟ್ಟಿಗೂ ಜಾಸ್ತಿ.

ಹೈರೈಸ್ ಚಿತ್ರಗಳು ಅರಿಜೋನಾ ವಿಶ್ವವಿದ್ಯಾಲಯದ ತಾಣದಲ್ಲಿ ಎಲ್ಲರಿಗೂ ಉಚಿತ. ಅಲ್ಲೇ ಹೈವಿಶ್ ಎಂಬ ಸೌಲಭ್ಯದ ಮೂಲಕ ಯಾವ ಜಾಗದ ಚಿತ್ರ ಬೇಕೆಂದು ಸಾರ್ವಜನಿಕರೂ ಸೂಚಿಸಬಹುದು ಎಂದು ಏರ್ಪಾಡು ಮಾಡಿದ್ದಾರೆ. ಶುರು ಮಾಡುವುದಾದರೆ ಇಡೀ ಗ್ರಹ ಬೇಡ, ಒಂದೇ ಜ್ವಾಲಾಮುಖಿಯ ಒಂದು ಇಳಿಜಾರು ತೆಗೆದುಕೊಳ್ಳಿ. ಕಪ್ಪು ಚುಕ್ಕೆ ಕಂಡರೆ ಅಕ್ಷಾಂಶ, ರೇಖಾಂಶ ಬರೆದಿಡಿ. ಅದೇ ಜಾಗದ ಬೇರೆ ಹೊತ್ತಿನ, ಬೇರೆ ವರ್ಷದ ಚಿತ್ರ ಹುಡುಕಿ. ಬೆಳಕು ಬದಲಾದಾಗ ಚುಕ್ಕೆಯೊಳಗಿನ ನೆರಳಿನ ಅಂಚೂ ಸರಿದರೆ ಅದು ತೂತು. ಸರಿಯದೆ ಹಾಗೇ ಕೂತಿದ್ದರೆ ಕಪ್ಪು ಮರಳು, ಮುಂದಿನ ಚುಕ್ಕೆಗೆ ಹೋಗಿ.